ಕಂಪನಿ ಇಲ್ಲದ ಕಾರು ಕೊಂಡ ಸಿಸ್ಟರ್

ಹೋದ ತಿಂಗಳು ನನ್ನ ಮೊಬೈಲಿಗೆ ಒಂದು ಸಂದೇಶ ಬಂತು. ನಿಮ್ಮ ಕಾರಿನ ವಿಮೆ ಇನ್ನು ಹದಿನೈದು ದಿನಕ್ಕೆ ಮುಗಿಯುತ್ತದೆ, ಕೂಡಲೇ ನವೀಕರಿಸಿ ಎಂದು. ನನ್ನ ಹತ್ತಿರ ಕಾರಿಲ್ಲ. ಇರುವುದೊಂದು ಸ್ಕೂಟರು, ಅದರ ವಿಮೆಯ ಮಾತು ಇಲ್ಲಿ ಬೇಡ. ಆದರೂ ಈ ಸಂದೇಶ ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ. ನಮ್ಮ ಆಸ್ಪತ್ರೆಯ ಸಿಸ್ಟರ್ ಕಾರು ಕೊಂಡ ದಿನ ಕಾಗದಪತ್ರದಲ್ಲಿ ತಮ್ಮ ನಂಬರಿನ ಬದಲು ನನ್ನ ನಂಬರು ಬರೆಸಿದ್ದರು. "ನನ್ನ ನಂಬರ್ ಕೊಟ್ರ ಸುಮ್ಸುಮ್ನ ಫೋನ್ ಹಚ್ಚತಾರ. ನಿನಗಂತೂ ಯಾರೂ ಮಾಡಂಗಿಲ್ಲ, ಖಾಲಿ ಇರ್ತೈತಿ" ಎನ್ನುವುದು ಅವರು ಕೊಟ್ಟ ಕಾರಣ.

ಸಂದೇಶ ಬಂದ ಕೂಡಲೇ ನಾನು ಅವರಿಗೆ ಫೋನು ಮಾಡುತ್ತಿದ್ದೆ. "ಕಟ್ಟತೀನಿ ಬಿಡಪಾ, ನಿನ್ನ ಗಂಟೇನಾರ ಹೋಗತೈತೇನು?" ಎಂದು ಮೊದಲು ಬೈದು, ಆಮೇಲೆ ಅರ್ಧ ಗಂಟೆ ಊರ ಸುದ್ದಿ ಹೇಳುತ್ತಿದ್ದರು. ಈ ಸಲ ಫೋನು ಎತ್ತಿದ್ದು ಅವರ ಯಜಮಾನರು.

"ಸಿಸ್ಟರ್ ಹೋದ್ರಲ್ಲಪಾ, ಎರಡು ತಿಂಗಳಾತು" ಎಂದರು. "ನಿಮಗ ತಿಳಸಬೇಕಂತ ಆಕಿ ಫೋನೆಲ್ಲಾ ಹುಡುಕಿದೆ. ನಿಮ್ಮ ಹೆಸರು ಸಿಗಲಿಲ್ಲ. ಈಗ ನೀವು ಮಾಡಿದ ಮ್ಯಾಲ ಗೊತ್ತಾತು. ನಿಮ್ಮದು 'ಗುಳಿಗಿ' ಅಂತ ಬರಕೊಂಡಾಳ."

ನಾನು ನಕ್ಕೆ. ಅವರೂ ನಕ್ಕರು.

ಹೌದು, ಸ್ವಂತ ಗಂಡನೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಅವರ ನಿಜವಾದ ಹೆಸರು ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಯಜಮಾನರು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ಸಂಜೆ ಕೂಡ್ಲಿಗಿಯ ಅವರ ಮನೆಗೆ ಹೋದರೆ, ಬಾಗಿಲಲ್ಲಿ ನಿಂತು ಒಳಗೆ ಕೂಗುತ್ತಿದ್ದರು: "ಸಿಸ್ಟರ್, ನಿಮ್ಮ ಕಾಂಪೌಂಡರ್ ಬಂದಾನ ನೋಡ್ರಿ!" ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅದಕ್ಕೆಂದೇ ಅವರು ಅಷ್ಟು ಜೋರಾಗಿ ಕೂಗುತ್ತಿದ್ದರೆಂದು ನನ್ನ ಗುಮಾನಿ.

ನಾನು ಔಷಧಿ ಕೊಡುವ ಕೆಲಸಕ್ಕೆ ಸೇರಿದ್ದು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯ ಆಸ್ಪತ್ರೆಗೆ. ಸಿಸ್ಟರ್ ಅಲ್ಲಿ ಹಿರಿಯ ನರ್ಸು. ಕುಳ್ಳಗೆ, ದಪ್ಪಗೆ, ಬಿಳಿ ಕೋಟಿನ ಎರಡೂ ಜೇಬಿನಲ್ಲಿ ಹುರಿದ ಶೇಂಗಾ, ಮುಡಿಯಲ್ಲಿ ವರ್ಷದ ಹನ್ನೆರಡು ತಿಂಗಳೂ ಹಡಗಲಿ ಮಲ್ಲಿಗೆ. ಶೇಂಗಾ ಸೂಜಿ ಚುಚ್ಚಿಸಿಕೊಂಡ ಮಕ್ಕಳಿಗೆಂದು ತರುತ್ತಿದ್ದರು, ಹೆಚ್ಚು ತಿನ್ನುತ್ತಿದ್ದವರು ತಾವೇ.

ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವೂರಪಾ ನಿಂದು?" ಎಂದರು.

"ರಾಣೆಬೆನ್ನೂರು, ಮೇಡಂ."

"ನಿಮ್ಮವ್ವನ ಹೆಸರು?"

ಹೇಳಿದೆ. ಅವರು ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರು. "ಅಯ್ಯ ನನ ಮಗನ! ನಿನ್ನ ಹೆರಿಗಿ ಮಾಡಿಸಿದಾಕಿ ನಾನಲ್ಲೇನು? ಟ್ರೇನಿಂಗಿಗಂತ ಅಲ್ಲಿಗೆ ಬಂದಿದ್ದೆ. ಹುಟ್ಟಿದ ಕೂಡ್ಲೇ ಅಳಲಿಲ್ಲ ನೀನು. ಕುಂಡಿಗೆ ಎರಡು ಬಿಟ್ಟೆ, ಆಮ್ಯಾಲ ಅತ್ತಿ."

ಆ ದಿನ ಅವರ ಎರಡು ರಿಜಿಸ್ಟರುಗಳನ್ನು ನಾನೇ ಬರೆದುಕೊಟ್ಟೆ. ಸಂಜೆ ಅವ್ವನಿಗೆ ಫೋನು ಮಾಡಿ ಹೇಳಿದರೆ ಅವಳು ಬಿದ್ದುಬಿದ್ದು ನಕ್ಕಳು. ನಾನು ಹುಟ್ಟಿದ್ದು ಹರಿಹರದಲ್ಲಿ, ಹೆರಿಗೆ ಮಾಡಿಸಿದ್ದು ಒಬ್ಬ ಗಂಡಸು ಡಾಕ್ಟರು, ಹುಟ್ಟಿದ ಕೂಡಲೇ ಓಣಿಗೆ ಓಣಿಯೇ ಎದ್ದು ಕೂರುವ ಹಾಗೆ ಅತ್ತಿದ್ದೆನಂತೆ. ಮರುದಿನ ಸಿಸ್ಟರ್ ಎದುರು ನಿಂತು ಇದನ್ನು ಹೇಳಿದೆ. ಅವರಿಗೆ ಎಳ್ಳಷ್ಟೂ ನಾಚಿಕೆಯಾಗಲಿಲ್ಲ.

"ಹೌದೇನು? ಹಂಗಾದ್ರ ಅದು ಬ್ಯಾರೆ ಕೂಸಿರಬೇಕು" ಎಂದು ಶೇಂಗಾ ಬಾಯಿಗೆ ಹಾಕಿಕೊಂಡರು. "ರಿಜಿಸ್ಟರ್ ಮಾತ್ರ ಚಂದ ಬರದೀಯಪಾ. ಅಕ್ಷರ ಅಂದ್ರ ಹಂಗಿರಬೇಕು."

ಆಮೇಲೆ ಗಮನಿಸಿದೆ. ಸೀಟು ಬಿಡದ ಪ್ರಯಾಣಿಕ, ಸಿಲಿಂಡರ್ ತಡಮಾಡುವ ಗ್ಯಾಸಿನವನು, ಅರ್ಜಿ ಮುಂದಕ್ಕೆ ಸರಿಸದ ಗುಮಾಸ್ತ, ಎಲ್ಲರೂ ಇವರ ಕೈಯಲ್ಲೇ ಹುಟ್ಟಿದವರು. ಈ ವಿದ್ಯೆ ಕೈಕೊಟ್ಟಿದ್ದು ನನಗೆ ಗೊತ್ತಿದ್ದ ಹಾಗೆ ಒಂದೇ ಸಲ. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಕಾರು ಕಲಿತು ಲೈಸೆನ್ಸಿನ ಪರೀಕ್ಷೆಗೆ ಹೋದಾಗ, ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರಿಗೂ ಅದನ್ನೇ ಹೇಳಿದರಂತೆ. ಆತ, "ನಾನು ಮಂಗಳೂರಿನವನಮ್ಮ" ಎಂದ. "ಅಲ್ಲಿಗೂ ಡೆಪ್ಯುಟೇಶನ್ ಮ್ಯಾಲ ಹೋಗಿದ್ದೆ" ಎಂದರು ಸಿಸ್ಟರ್. ಆತ ನಕ್ಕು, ಫೇಲು ಮಾಡಿ ಕಳಿಸಿದ. ಎರಡನೇ ಸಲ ಬಾಯಿ ಮುಚ್ಚಿಕೊಂಡು ಓಡಿಸಿ ಪಾಸಾದರು.

ವಿಚಿತ್ರವೆಂದರೆ, ನಿಜವಾಗಿ ಅವರು ಮಾಡಿಸಿದ ಹೆರಿಗೆಗಳು ಸುತ್ತಲ ಹಳ್ಳಿಗಳ ತುಂಬ ಇದ್ದವು. ಚಿಮಣಿ ಬೆಳಕಿನಲ್ಲಿ, ಎತ್ತಿನ ಗಾಡಿಯಲ್ಲಿ, ಒಂದು ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂಡ. ಆ ಮಕ್ಕಳು ದೊಡ್ಡವರಾಗಿ ಎದುರು ಬಂದರೆ ಒಮ್ಮೆಯೂ ಮಾತೆತ್ತಿದವರಲ್ಲ. ಯಾಕೆಂದು ಕೇಳಿದ್ದೆ.

"ಖರೇನ ಮಾಡಿಸಿದ್ದಕ್ಕ ಸರ್ಕಾರ ಪಗಾರ ಕೊಟ್ಟೈತಿ" ಎಂದಿದ್ದರು.

ನಿವೃತ್ತಿಗೆ ಎಂಟು ತಿಂಗಳಿರುವಾಗ ಅವರಿಗೆ ಕಾರಿನ ಹುಚ್ಚು ಹಿಡಿಯಿತು. "ಮೂವತ್ತು ವರ್ಷ ನನ್ನ ಗಂಡ ತನ್ನ ಬಸ್ಸಿನಾಗ ನನಗ ಟಿಕೀಟ್ ಹರದಾನ. ಒಂದಿನ ಬಿಟ್ಟಿ ಕರ್ಕೊಂಡು ಹೋಗಲಿಲ್ಲ. ಇನ್ನ ಅವನ್ನ ಕುಂದ್ರಿಸಿಕೊಂಡು ನಾ ಹೊಡೀತೀನಿ" ಎನ್ನುತ್ತಿದ್ದರು. ಹೊಸ ಕಾರಿಗೆ ಮನಸ್ಸು ಒಪ್ಪಲಿಲ್ಲ. ಸಣ್ಣ ಕಾರಿನಲ್ಲಿ ಕೂತರೆ ರಸ್ತೆಯೇ ಕಾಣುವುದಿಲ್ಲವೆಂದು ಅದೂ ಬೇಡವೆಂದರು. ಎತ್ತರವಿರಬೇಕು, ಉದ್ದ ಮಾತ್ರ ತಮ್ಮ ಹಾಗೆ ಕಮ್ಮಿ ಇರಬೇಕು.

ಕೂಡ್ಲಿಗಿಯ ಗ್ಯಾರೇಜಿನ ಬಾಷಾ ಮೇಸ್ತ್ರಿ ಅಂಥದೊಂದನ್ನು ಹುಡುಕಿದ. ಹರಪನಹಳ್ಳಿಯ ಬೀಜ-ಗೊಬ್ಬರದ ಅಂಗಡಿಯ ಕೊಟ್ರೇಶಪ್ಪ ಎಂಬಾತ ಮಾರುವುದಕ್ಕಿಟ್ಟಿದ್ದ ಚಿಕ್ಕ ಎಸ್‌ಯುವಿ, ಕಡುಗೆಂಪು ಬಣ್ಣ, ಹಿಂಬಾಗಿಲ ಮೇಲೆ ಸ್ಟೆಪ್ನಿ ಗಾಲಿ. ಸುದ್ದಿ ಹೇಳಿದವನೇ ಬೇಡವೆಂದೂ ಹೇಳಿದ.

"ಗಾಡಿ ಬರೋಬ್ಬರಿ ಐತಿ ಸಿಸ್ಟರಮ್ಮ. ಆದ್ರ ಅದರ ಕಂಪನಿ ನಮ್ಮ ದೇಶದಾಗ ಬಾಗಿಲ ಹಾಕ್ಕೊಂಡು ಹೋಗ್ಯೈತಿ. ಶೋರೂಮ್ ಇಲ್ಲ, ಏನಿಲ್ಲ. ನಾಳಿ ಏನಾರ ಮುರದ್ರ ಗುಜರಿಯಾಗ ಹುಡುಕಬೇಕು."

"ಅದಕ್ಕ ಅದು ಬೇಕು ನನಗ" ಎಂದರು ಸಿಸ್ಟರ್. "ತವರುಮನಿ ಇಲ್ಲದ ಸೊಸಿ ಇದ್ದಂಗ. ಸಿಟ್ಟು ಬಂದ್ರ ಎದ್ದು ಹೋಗಾಕ ಜಾಗ ಇಲ್ಲ. ನಮ್ಮನ್ಯಾಗ ಬಾಳ್ವಿ ಮಾಡಬೇಕು, ಸುಮ್ಮನ ಮಾಡ್ತೈತಿ."

ಒಂದು ಭಾನುವಾರ ಸಿಸ್ಟರ್, ಮೇಸ್ತ್ರಿ, ನಾನು, ಮೂವರೂ ಕೊಟ್ಟೂರಿನ ಮೇಲೆ ಬಸ್ಸಿನಲ್ಲಿ ಹರಪನಹಳ್ಳಿಗೆ ಹೋದೆವು. ಮೇಸ್ತ್ರಿ ಬಾನೆಟ್ ಎತ್ತಿ ಆಯಿಲು ಮುಟ್ಟಿ ಮೂಸಿದ, ಎಂಜಿನ್ನಿಗೆ ಕಿವಿಕೊಟ್ಟು ನಿಂತ, ಕಾಲಡಿಯ ಮ್ಯಾಟು ಎತ್ತಿ ತುಕ್ಕು ನೋಡಿದ, ಕೆಳಗೆ ಮಲಗಿ ಎದ್ದ. ಬ್ರೇಕು, ಫಿಲ್ಟರು ದಾವಣಗೆರೆಯಲ್ಲಿ ಸಿಗುತ್ತವೆ, ಉಳಿದದ್ದು ದೇವರಿಚ್ಛೆ ಎಂದು ನನ್ನ ಕಿವಿಯಲ್ಲಿ ಹೇಳಿದ. ಕೀಲಿಕೈ ಒಂದೇ ಇತ್ತು. ಎರಡನೆಯದು ಕಳೆದಿದೆ, ಮಾಡಿಸಿಕೊಡುವ ಕಂಪನಿ ಇಲ್ಲ.

ಕೊಟ್ರೇಶಪ್ಪ ಅಂಗಡಿಯಲ್ಲಿ ಚಹಾ ತರಿಸಿದ. ಗೊಬ್ಬರದ ಚೀಲಗಳ ನಡುವೆ ಕುರ್ಚಿ ಹಾಕಿಸಿದ. "ನಾಲ್ಕೂವರೆ ಲಕ್ಷಕ್ಕೆ ಒಂದು ರೂಪಾಯಿ ಕಮ್ಮಿ ಇಲ್ರಿ" ಎಂದ.

ಸಿಸ್ಟರ್ ಬೆಲೆಯ ಮಾತೇ ಎತ್ತಲಿಲ್ಲ. "ತಮ್ಮಾ, ನಿಮ್ಮವ್ವನ ತವರುಮನಿ ಯಾವೂರು?" ಎಂದರು.

ಮೇಸ್ತ್ರಿ ಚಹಾದ ಲೋಟದೊಳಗೆ ನೋಡತೊಡಗಿದ. ನಾನು ಚೀಲದ ಮೇಲಿನ ಅಕ್ಷರಗಳನ್ನು ಓದತೊಡಗಿದೆ.

"ತೆಲಿಗಿ ರಿ."

"ನೀ ಹುಟ್ಟಿದ್ದು?"

"ಅಲ್ಲೇ, ಅಜ್ಜನ ಮನೆಯಾಗೆ."

"ಮೂವತ್ತೈದು ಆಗಿರಬೇಕು ನಿನಗ."

"ಮೂವತ್ತಾರು ರಿ. ಯಾಕೆ?"

ಸಿಸ್ಟರ್ ಚಹಾದ ಬಸಿಯನ್ನು ಕೆಳಗಿಟ್ಟರು. "ಶಿವನ! ಆಗ ತೆಲಿಗಿ ಸಬ್‌ಸೆಂಟರಿನಾಗ ಇದ್ದಾಕಿ ನಾನು. ನಿಮ್ಮವ್ವಂದು ಬಾಳ ತ್ರಾಸಿನ ಹೆರಿಗಿ. ನೀ ಕಾಲು ಮುಂದ ಮಾಡಿ ಬಂದಿ. ಈ ಕೈಯಾಗ ಹಿಡಿದೀನಿ ನಿನ್ನ." ಎರಡೂ ಅಂಗೈಗಳನ್ನು ಅವನ ಮುಂದೆ ಚಾಚಿದರು.

ಆ ಮನುಷ್ಯ ಎದ್ದು ನಿಂತ. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಬಂದು ಬಗ್ಗಿ ಅವರ ಕಾಲು ಮುಟ್ಟಿದ. ಅವನ ಅವ್ವ ಆ ದಿನ ಕೊಟ್ಟೂರಿನ ಬೀಗರ ಮನೆಗೆ ಹೋಗಿದ್ದಳು. ಇದ್ದಿದ್ದರೆ ಈಗಲೇ ಕರೆಸುತ್ತಿದ್ದೆ ಎಂದು ಪೇಚಾಡಿದ. ಕಾರು ಮೂರು ಲಕ್ಷ ತೊಂಬತ್ತು ಸಾವಿರಕ್ಕೆ ಕುದುರಿತು. ಮೇಲೆ ಒಂದು ಚೀಲ ಎರೆಗೊಬ್ಬರ, ಸಿಸ್ಟರ್ ಮನೆಯ ಮಲ್ಲಿಗೆ ಬಳ್ಳಿಗೆ.

ಬರುವಾಗ ಸಿಸ್ಟರೇ ಓಡಿಸಿದರು. ಕೊಟ್ಟೂರು ಬರುವ ತನಕ ಮೂವರೂ ಉಸಿರು ಬಿಗಿಹಿಡಿದು ಕೂತಿದ್ದೆವು. ಅಲ್ಲಿ ಮಂಡಕ್ಕಿ ಮಿರ್ಚಿ ತಿನ್ನಲು ನಿಲ್ಲಿಸಿದಾಗ ನಾನು ಕೇಳಿಯೇಬಿಟ್ಟೆ. "ತೆಲಿಗೀಲಿ ನೀವು ಯಾವಾಗ ಇದ್ರಿ?"

"ಯಾವಾಗೂ ಇರಲಿಲ್ಲ. ಆ ವರ್ಷ ಹಡಗಲಿ ಕಡಿ ಇದ್ದೆ."

"ಪಾಪ ಅಲ್ವೇನ್ರಿ? ಕಾಲಿಗೆ ಬಿದ್ದ ಮನುಷ್ಯ."

"ನೋಡಪಾ, ಸುಳ್ಳು ಅಂದ್ರ ಇಂಜೆಕ್ಷನ್ ಇದ್ದಂಗ. ಸೂಜಿ ಸಣ್ಣದಿರಬೇಕು, ಚುಚ್ಚಿದ್ದು ಗೊತ್ತಾಗಬಾರದು, ಒಳಗ ಮದ್ದು ಇರಬೇಕು. ಇವತ್ತು ಅಂವಾ ಎಷ್ಟು ಖುಷಿ ಆದ ನೋಡಿದಿಲ್ಲೋ? ಅದು ಮದ್ದು." ಮಿರ್ಚಿ ಕಚ್ಚಿ, "ಅರವತ್ತು ಸಾವಿರ ಇಳೀತು, ಅದು ನನ್ನ ಫೀಸು" ಎಂದರು.

ಮನೆ ಮುಟ್ಟಿ ಎರೆಗೊಬ್ಬರದ ಚೀಲ ಇಳಿಸಲು ಹೋದಾಗ ಹಿಂಬಾಗಿಲು ತೆರೆಯಲಿಲ್ಲ. ಸ್ಟೆಪ್ನಿಯ ಕೆಳಗೆ ಸೊಂಟದಿಂದ ಒಂದು ಗುದ್ದು ಕೊಟ್ಟರೆ ಮಾತ್ರ ತೆರೆಯುವ ಬಾಗಿಲದು. ಆ ಕೆಲಸ ಯಜಮಾನರ ಪಾಲಿಗೆ ಬಂತು. ಅವರು ಹಿಂದಿನ ಸೀಟಿನ ಎಡತುದಿಯಲ್ಲಿ ಬಾಗಿಲಿಗೆ ಅಂಟಿಯೇ ಕೂರುತ್ತಿದ್ದರು. ಎಲ್ಲರೂ ಹತ್ತಿದ ಮೇಲೆ ಹೊರಗೊಮ್ಮೆ ನೋಡಿ "ರೈಟ್!" ಎನ್ನದಿದ್ದರೆ ಸಿಸ್ಟರ್ ಗಾಡಿ ಬಿಡುತ್ತಿರಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಮುಂದೆ ಕೊಟ್ರೇಶಪ್ಪ ಬಂದಿಳಿದ. ಜೊತೆಗೆ ಅವನ ಅವ್ವ ಗೌರಮ್ಮ. ಕೈಯಲ್ಲಿ ಸೀರೆ, ರವಿಕೆಯ ಕಣ, ತೆಂಗಿನಕಾಯಿ, ಉಡಿ ತುಂಬುವ ಸಾಮಾನು.

ಸಿಸ್ಟರ್ ಬಣ್ಣ ಇಳಿದದ್ದನ್ನು ನಾನು ಮೊದಲ ಸಲ ಕಂಡೆ. ಥರ್ಮಾಮೀಟರನ್ನು ಮೂರು ಸಲ ಕೊಡವಿದರು.

"ಅವ್ವಾ, ಇವರೇ ನೋಡು" ಎಂದ ಮಗ.

ಗೌರಮ್ಮ ಸಿಸ್ಟರನ್ನು ಹಣೆಯಿಂದ ಚಪ್ಪಲಿಯವರೆಗೆ ನೋಡಿದಳು. ಸಿಸ್ಟರ್ ವಾರಿಗೆಯವಳೇ, ಸಣಕಲು ಜೀವ, ಕಣ್ಣು ಮಾತ್ರ ಸೂಜಿಯಂಥವು. ನೋಡಿ ಮುಗಿದ ಮೇಲೆ, "ಹ್ಞೂಂ, ಈಕೀನ. ಆವಾಗ ತೆಳ್ಳಗಿದ್ಲು" ಎಂದಳು.

ಮಗ ಧನ್ಯನಾದ. ಅಷ್ಟರಲ್ಲಿ ಅವನಿಗೆ ಫೋನು ಬಂತು, ಮಾತಾಡುತ್ತ ಹೊರಗೆ ಹೋದ. ಗೌರಮ್ಮ ಎದ್ದು ಬಾಗಿಲು ಮುಂದೆ ಮಾಡಿದಳು. ಔಷಧಿ ಕಪಾಟಿನ ಹಿಂದೆ ನಾನಿದ್ದದ್ದು ಆಕೆಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಲೆಕ್ಕಕ್ಕಿಡುತ್ತಿರಲಿಲ್ಲವೋ ಏನೋ.

"ಯವ್ವಾ, ನನ್ನ ಮಗ ತಲಿ ಮುಂದ ಮಾಡೇ ಬಂದಾನ" ಎಂದಳು.

ಸಿಸ್ಟರ್ ಥರ್ಮಾಮೀಟರನ್ನು ಕೆಳಗಿಟ್ಟರು.

"ಸರ್ಕಾರದ ನರ್ಸು ಯಾರೂ ಬಂದಿಲ್ಲ. ಅವತ್ತು ಮನ್ಯಾಗ ಇದ್ದಾಕಿ ನಮ್ಮಕ್ಕ ಹಾಲಮ್ಮ ಒಬ್ಬಾಕಿ. ಆಕಿ ಕೈಯಾಗ ಹುಟ್ಯಾನ."

"ತಪ್ಪಾತಕ್ಕಾ. ಕಾರಿನ ಸಲುವಾಗಿ..." ಎಂದು ಸಿಸ್ಟರ್ ಶುರುಮಾಡಿದರು.

"ಕಾರು ಹಾಳಾಗಲಿ. ನಮ್ಮಕ್ಕನ್ನ ನೋಡಿ ಆರು ವರ್ಷಾತು ನನಗ." ಗೌರಮ್ಮ ಕುರ್ಚಿ ಎಳೆದುಕೊಂಡು ಕೂತಳು. ತವರಿನ ಹೊಲದ ಬದುವಿಗಾಗಿ ಕೊಟ್ರೇಶಪ್ಪನಿಗೂ ಹಾಲಮ್ಮನ ಮಗನಿಗೂ ಜಗಳ. ಕೋರ್ಟಿನ ತನಕ ಹೋಗಿದೆ. ಅವರ ಮನೆಯ ಹೊಸ್ತಿಲು ತುಳಿದರೆ ತನ್ನ ಹೆಣ ನೋಡುತ್ತೀ ಎಂದು ಮಗ ಆಣೆ ಹಾಕಿದ್ದಾನೆ. ಹರಪನಹಳ್ಳಿಯಿಂದ ತೆಲಿಗಿಗೆ ಬಸ್ಸಿವೆ. ಆದರೆ ಬಸ್ಸಿನಲ್ಲಿ ಹೋದರೆ ಇಳಿಯುವ ಮುಂಚೆ ಸುದ್ದಿ ಅಂಗಡಿ ಮುಟ್ಟಿರುತ್ತದೆ.

"ಹೆಸರು ನೀ ತಗೊಂಡಿ" ಎಂದಳು ಗೌರಮ್ಮ. "ಕೈ ಯಾರದೈತಿ, ಅಲ್ಲಿಗೆ ನನ್ನ ಕರ್ಕೊಂಡು ಹೋಗು. ಒಂದ್ಸಲ ಅಲ್ಲ, ನಾ ಹೇಳ್ದಾಗೆಲ್ಲ."

ಮಗ ಒಳಗೆ ಬಂದಾಗ ಇಬ್ಬರೂ ಕೈಕೈ ಹಿಡಿದು ಕೂತಿದ್ದರು. "ನಿಮ್ಮವ್ವನ ಕಣ್ಣು ಸರಿ ಇಲ್ಲ ತಮ್ಮಾ" ಎಂದರು ಸಿಸ್ಟರ್, ಬಣ್ಣ ತಿರುಗಿ ಬಂದಿತ್ತು. "ದಾವಣಗೆರಿಯಾಗ ನನ್ನ ಪರಿಚಯದ ಡಾಕ್ಟರ್ ಅದಾರ. ತಿಂಗಳಿಗೊಮ್ಮೆ ನಾನ ಕರ್ಕೊಂಡು ಹೋಗಿ ತೋರಸತೀನಿ."

"ನಿಮ್ಮ ಋಣ ಹೆಂಗೆ ತೀರಿಸಲಿ ಸಿಸ್ಟರ್" ಎಂದ ಕೊಟ್ರೇಶಪ್ಪ. ಗೌರಮ್ಮ ಮಗ್ಗುಲಿಗೆ ತಿರುಗಿ ಕೆಮ್ಮಿದಳು.

ಮೊದಲ ಭಾನುವಾರ ನಾನೂ ಹೋಗಿದ್ದೆ. ಗೌರಮ್ಮ ಮುಂದಿನ ಸೀಟಿನಲ್ಲಿ ಕೂತು ಎದುರಿನ ಗಾಜನ್ನು ಅಂಗೈಯಿಂದ ಸವರಿದಳು. ಮಗನ ಕಾರಾಗಿದ್ದಾಗ ಆ ಜಾಗದಲ್ಲಿ ಒಂದು ದಿನವೂ ಕೂತಿರಲಿಲ್ಲವಂತೆ, ಅದು ಸೊಸೆಯ ಜಾಗ. ಹಿಂದಿನಿಂದ ಯಜಮಾನರು "ರೈಟ್!" ಎಂದರು.

ತೆಲಿಗಿಯಲ್ಲಿ ಹಾಲಮ್ಮ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಎಪ್ಪತ್ತು ದಾಟಿದ ದೊಡ್ಡ ಆಳು. ತಂಗಿ ಕಾರಿಳಿದು ಬಂದು ಎದುರು ನಿಂತರೂ ಕೈ ನಿಲ್ಲಿಸಲಿಲ್ಲ.

"ದಾರಿ ಸಿಕ್ತೇನು?" ಎಂದಳು. ಎದ್ದು ಒಳಗೆ ಹೋದಳು.

ನಾವು ಅಂಗಳದಲ್ಲೇ ನಿಂತೆವು. ಬಹಳ ಹೊತ್ತಾಯಿತು. ಇನ್ನು ಹೊರಡುವುದೇ ಎಂದು ಸಿಸ್ಟರ್ ನನ್ನ ಮುಖ ನೋಡಿದರು. ಆಗ ಹಾಲಮ್ಮ ಒಂದು ಚೊಂಬು ನೀರು ಹಿಡಿದು ಬಂದಳು. ಮುಖ ತೊಳೆದಿದ್ದಳು, ಸೀರೆ ಬದಲಿಸಿದ್ದಳು, ಕಣ್ಣು ಕೆಂಪಗಿತ್ತು. "ಕಾಲಿಗೆ ನೀರ ಹಾಕ್ಕೋರಿ, ಹಂಗ ನಿಂತೀರಲ್ಲ" ಎಂದು ನಮ್ಮನ್ನೇ ಗದರಿದಳು. ತಂಗಿಯ ಕಾಲಿಗೆ ತಾನೇ ನೀರು ಹಾಕಿದಳು. ಅವರಿಬ್ಬರೂ ಅಡುಗೆಮನೆ ಸೇರಿದ ಮೇಲೆ ಸಂಜೆಯ ತನಕ ಹೊರಗೆ ಬರಲಿಲ್ಲ.

ಹೀಗೆ ಗೌರಮ್ಮನ ಕಣ್ಣಿನ ಚಿಕಿತ್ಸೆ ನಾಲ್ಕು ತಿಂಗಳು ನಡೆಯಿತು. ಕನ್ನಡಕ ಇನ್ನೂ ಬಂದಿಲ್ಲವೇ ಎಂದು ಮಗ ಕೇಳಿದಾಗಲೆಲ್ಲ ಸಿಸ್ಟರ್ ಹೊಸಹೊಸ ರೋಗ ಸೇರಿಸುತ್ತಿದ್ದರು. ಕೊನೆಗೆ ಸಿಕ್ಕಿಹಾಕಿಸಿದ್ದು ಕಾರೇ. ತೆಲಿಗಿಯ ಹಾಲಿನ ಡೈರಿಯವನೊಬ್ಬ ತನ್ನ ಹೊಸ ಎಮ್ಮೆಯ ಫೋಟೋ ತೆಗೆದು ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿದ. ಎಮ್ಮೆಯ ಹಿಂದೆ ಕಡುಗೆಂಪು ಕಾರು, ಬೆನ್ನ ಮೇಲೆ ಗಾಲಿ, ಅದರ ಕೆಳಗೆ ನಂಬರು. ಕೊಟ್ರೇಶಪ್ಪನಿಗೆ ಆ ನಂಬರು ಬಾಯಿಪಾಠ.

ಮರುದಿನವೇ ಆಸ್ಪತ್ರೆಗೆ ಬಂದ. ರೋಗಿಗಳು ಹೋಗುವ ತನಕ ಬೆಂಚಿನ ತುದಿಯಲ್ಲಿ ಕೂತಿದ್ದ. ಆಮೇಲೆ ಒಳಗೆ ಬಂದು ನಿಂತೇ ಮಾತಾಡಿದ.

"ಸಿಸ್ಟರ್, ಬೇರೆ ಯಾರಾದ್ರೂ ಆಗಿದ್ರೆ ಇವತ್ತು ಮಾತು ಬೇರೆನೇ ಇರ್ತಿತ್ತು. ನನ್ನ ಹೆರಿಗೆ ಮಾಡಿಸಿದ ಕೈ ಅಂತ ಸುಮ್ಮನಿದೀನಿ. ಇನ್ಮೇಲೆ ನಮ್ಮವ್ವನ್ನ ಎಲ್ಲಿಗೂ ಕರ್ಕೊಂಡು ಹೋಗ್ಬೇಡ್ರಿ. ಇಷ್ಟೇ."

ಕೈ ಮುಗಿದು ಹೊರಟ. ಸಿಸ್ಟರ್ ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮರ್ಯಾದೆ ಉಳಿಯುತ್ತಿತ್ತು, ಕಾರೂ ಉಳಿಯುತ್ತಿತ್ತು. ನಿವೃತ್ತಿಗೆ ಇನ್ನೆರಡು ತಿಂಗಳು. ನಾನು ಮನಸ್ಸಿನಲ್ಲೇ ಸುಮ್ಮನಿರಿ, ಸುಮ್ಮನಿರಿ ಎನ್ನುತ್ತಿದ್ದೆ.

"ಆ ಕೈ ನಂದಲ್ಲ ತಮ್ಮಾ" ಎಂದರು ಸಿಸ್ಟರ್.

ಅವನು ತಿರುಗಿದ.

"ಸುಳ್ಳು ಹೇಳಿದೆ. ಕಾರಿನ ರೇಟು ಇಳಸಾಕ ಹೇಳಿದೆ. ನಾ ತೆಲಿಗಿಯಾಗ ಒಂದಿನ ಕೆಲಸ ಮಾಡಿಲ್ಲ. ನೀ ಕಾಲು ಮುಂದ ಮಾಡಿಯೂ ಬಂದಿಲ್ಲ." ಕೋಟಿನ ಜೇಬಿನಿಂದ ಕೈ ಹೊರತೆಗೆದು, ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಒಳಗಿಟ್ಟರು. "ನಿನ್ನ ಹಿಡಿದ ಕೈ ನಿಮ್ಮ ದೊಡ್ಡವ್ವ ಹಾಲಮ್ಮಂದು. ಆ ಕೈ ನೋಡಾಕ ನಿಮ್ಮವ್ವ ಹೋಗತಿದ್ಲು. ಈಗ ನನಗ ಬೈ, ಎಷ್ಟಾರ ಬೈ."

ಕೊಟ್ರೇಶಪ್ಪ ಕುಕ್ಕರಿಸಿದಂತೆ ಸ್ಟೂಲಿನ ಮೇಲೆ ಕೂತ. ಇಂಜೆಕ್ಷನ್ ಹಾಕಿಸಿಕೊಳ್ಳಲು ಕೂರುವ ಸ್ಟೂಲು ಅದು. ಗೋಡೆಯ ಮೇಲಿನ ಲಸಿಕೆಯ ಪಟ್ಟಿಯನ್ನು ಓದುತ್ತಿರುವವನಂತೆ ಬಹಳ ಹೊತ್ತು ನೋಡಿದ.

"ನಮ್ಮವ್ವ ಯಾವತ್ತೂ ಹೇಳಿಲ್ಲ" ಎಂದ ಕೊನೆಗೆ.

"ನೀ ಕೇಳಿದ್ಯಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಎದ್ದ. ಬಾಗಿಲವರೆಗೆ ಹೋಗಿ ನಿಂತ. ಮುಖದಲ್ಲಿ ಸಿಟ್ಟಿತ್ತು, ಜೊತೆಗೆ ಇನ್ನೇನೋ ಮಿಸುಕಾಡುತ್ತಿತ್ತು.

"ಸಿಸ್ಟರ್, ನೀವು ಖರೆ ಹೇಳಿದ ಮೇಲೆ ನಾನೂ ಹೇಳ್ತೀನಿ. ಆ ಕಂಪನಿ ಹೋದಮೇಲೆ ಎಂಟು ತಿಂಗಳು ಆ ಕಾರನ್ನ ಒಂದು ನಾಯಿನೂ ಮೂಸಿರಲಿಲ್ಲ. ಮೂರು ಲಕ್ಷಕ್ಕೆ ಕೇಳಿದ್ರೂ ಕೊಟ್ಟು ಕೈ ಮುಗೀತಿದ್ದೆ."

ಸಿಸ್ಟರ್ ಮುಖದಲ್ಲಿ ನಿಜವಾದ ದುಃಖವನ್ನು ನಾನು ಕಂಡದ್ದು ಆಗಲೇ. ಅವನು ಹೋಗಿ ಕಾಲು ಗಂಟೆಯಾದರೂ ಅವರು ಒಂದೂ ಶೇಂಗಾ ಬಾಯಿಗೆ ಹಾಕಿಕೊಳ್ಳಲಿಲ್ಲ. "ಮೂರಕ್ಕ ಕೊಡ್ತಿದ್ದನಂತ! ಅಂವಾ ನನಗಿಂತ ದೊಡ್ಡ ಕಳ್ಳ" ಎಂದು ಆಮೇಲೆ ಒಂದು ವಾರ ರೋಗಿಗಳ ಹತ್ತಿರವೆಲ್ಲ ಹೇಳಿಕೊಂಡರು.

ಇಪ್ಪತ್ತು ದಿನ ಯಾವ ಸುದ್ದಿಯೂ ಇರಲಿಲ್ಲ. ಒಂದು ಶನಿವಾರ ಕೊಟ್ರೇಶಪ್ಪನ ಫೋನು ಬಂತು. ನಾಳೆ ಅವ್ವನನ್ನು ತಾನೇ ಕರೆದುಕೊಂಡು ಹೋಗುತ್ತಾನೆ, ಆದರೆ ತೆಲಿಗಿ ಊರ ಹೊರಗಿನ ಚಹಾದಂಗಡಿಯ ತನಕ ಮಾತ್ರ. ಅಲ್ಲಿಂದ ಒಳಗೆ ಕಾಲಿಡುವುದಿಲ್ಲ, ಮುಂದಿನದನ್ನು ಸಿಸ್ಟರ್ ನೋಡಿಕೊಳ್ಳಬೇಕು.

ಹಾಗೇ ಆಯಿತು. ಗೌರಮ್ಮ ಮಗನ ಕಾರಿನಿಂದ ಇಳಿದು ಸಿಸ್ಟರ್ ಕಾರು ಹತ್ತಿದಳು. ಅವನ ಜೊತೆ ಕೂತಿರು ಎಂದು ಸಿಸ್ಟರ್ ನನ್ನನ್ನು ಅಂಗಡಿಯಲ್ಲಿ ಬಿಟ್ಟುಹೋದರು. ಕೊಟ್ರೇಶಪ್ಪ ಎರಡು ಚಹಾ ಹೇಳಿದ. ಮಳೆ ಬೆಳೆ ಮಾತಾಡಿದೆವು. ಹೊಲದ ಬದುವಿನ ಕಡೆ ಮಾತು ಹೋಗದಂತೆ ಇಬ್ಬರೂ ಎಚ್ಚರವಾಗಿದ್ದೆವು.

ಹತ್ತು ನಿಮಿಷವಾಗಿರಲಿಲ್ಲ. ಕಡುಗೆಂಪು ಕಾರು ತಿರುಗಿ ಬಂದು ದೂರದ ಬೇವಿನ ಮರದ ಕೆಳಗೆ ನಿಂತಿತು. ಹಾಲಮ್ಮ ಒಬ್ಬಳೇ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಮ್ಮ ಕಡೆ ನಡೆದು ಬಂದಳು. ಸಿಸ್ಟರ್ ಇಳಿದು, ಬೆನ್ನು ತಿರುಗಿಸಿ, ಗಾಳಿ ಸರಿಯಾಗಿಯೇ ಇದ್ದ ಟೈರನ್ನು ಕಾಲಿನಿಂದ ಒದ್ದು ನೋಡತೊಡಗಿದರು.

ಹಾಲಮ್ಮ ಬಂದವಳೇ ಕೊಟ್ರೇಶಪ್ಪನ ಎದುರು ನಿಂತಳು. "ಲೇ, ನಿನ್ನ ಕುಂಡಿ ತೊಳದಾಕಿ ನಾನು. ಊರ ಬಾಗಿಲಿಗೆ ಬಂದು ಒಬ್ಬನ ಚಾ ಕುಡಿಯಾಕತ್ತೀಯಲ್ಲ. ನನಗೊಂದು ಹೇಳಾಕ ಬಾಯಿ ಇಲ್ಲೇನು?"

ಅವನು ಎದ್ದುಬಿಟ್ಟ. ಲೋಟ ಕೈಯಲ್ಲೇ ಇತ್ತು. "ಏ, ಇನ್ನೊಂದು ಚಾ ಕೊಡಪ್ಪ" ಎಂದು ಅಂಗಡಿಯವನಿಗೆ ಕೂಗಿದ. ಧ್ವನಿ ಬೇಕಾದ್ದಕ್ಕಿಂತ ದೊಡ್ಡದಾಯಿತು. "ಸಕ್ಕರಿ ಜಾಸ್ತಿ ಹಾಕು, ದೊಡ್ಡವ್ವಗೆ ಸೇರತೈತಿ."

ಹಾಲಮ್ಮ ಬೆಂಚಿನ ಮೇಲೆ ಕೂತಳು. ಚಹಾ ಬಂತು. ಅವಳು ಅದನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದಳು.

"ನನಗ ಸಕ್ಕರಿ ಕಾಯಿಲಿ ಬಂದು ನಾಕ ವರ್ಷಾತು."

"ಯಾರೂ ಹೇಳ್ಲಿಲ್ಲ..."

"ಯಾರು ಹೇಳಬೇಕಿತ್ತು ನಿನಗ?"

ಕೊಟ್ರೇಶಪ್ಪ ತನ್ನ ಲೋಟ ಕೆಳಗಿಟ್ಟ. ಅಂಗಡಿಯವನ ಹತ್ತಿರ ತಾನೇ ಹೋಗಿ, ಸಕ್ಕರೆ ಹಾಕದ ಚಹಾ ಎರಡು ಮಾಡಿಸಿ ತಂದ. ಒಂದು ಅವಳಿಗೆ, ಒಂದು ತನಗೆ. ಅವಳ ಪಕ್ಕದಲ್ಲಿ ಕೂತು ಮೊದಲ ಗುಟುಕಿಗೆ ಮುಖ ಕಿವುಚಿದ. ಹಾಲಮ್ಮ ಅದನ್ನು ಓರೆಗಣ್ಣಿನಲ್ಲಿ ನೋಡಿದಳು, ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ಬದುವಿನ ಕೇಸು ಇನ್ನೂ ನಡೆಯುತ್ತಿದೆ ಎಂದು ಕೇಳಿದ್ದೇನೆ. ಆ ಹೊತ್ತು ಮಾತ್ರ ಅವರಿಬ್ಬರೂ ರಸ್ತೆಯ ಕಡೆ ಮುಖ ಮಾಡಿ ಆ ಕಹಿ ಚಹಾವನ್ನು ಕೊನೆಯ ತೊಟ್ಟಿನವರೆಗೆ ಕುಡಿದರು.

ಸಕ್ಕರೆ ಜಾಸ್ತಿ ಹಾಕಿದ ಲೋಟ ಬೆಂಚಿನ ತುದಿಯಲ್ಲಿ ಹಾಗೇ ಉಳಿದಿತ್ತು. ಟೈರು ನೋಡುವುದು ಮುಗಿಸಿ ಸಿಸ್ಟರ್ ನಿಧಾನಕ್ಕೆ ಬಂದರು. ಯಾರ ಮುಖವನ್ನೂ ನೋಡದೆ ಆ ಲೋಟ ಎತ್ತಿಕೊಂಡು, ನನ್ನ ಪಕ್ಕ ಕೂತು, ಸೊರ್ರೆಂದು ಹೀರಿದರು.

"ಏನ್ ಚಲೋ ಐತಪಾ ಚಾ" ಎಂದರು.